ಎರಡು ಬೆರಳು ಮುಂದೆ

ಒರೆಬಿಚ್‌ನಿಂದ ಕೋರ್ಚುಲಾ ದ್ವೀಪಕ್ಕೆ ಹೋಗುವ ಫೆರಿಯಲ್ಲಿ ಕಾರು ಹತ್ತಿಸುವ ಕೆಲಸ ಪೆರಿನಾಳದು. ಕಿತ್ತಳೆ ಬಣ್ಣದ ಅಂಗಿ, ಬಿಸಿಲಿಗೆ ಬಿಳಚಿದ ಟೋಪಿ, ಬಾಯಲ್ಲಿ ಸೀಟಿ. ಅವಳು ಎರಡು ಬೆರಳು ಆಡಿಸಿದರೆ ಎಂಥ ದೊಡ್ಡ ಕಾರಾದರೂ ಮುಂದೆ ಬರಬೇಕು, ಅಂಗೈ ತೋರಿಸಿದರೆ ಮೇಯರನ ಕಾರಾದರೂ ನಿಲ್ಲಬೇಕು. ಲಾರಿ ನಡುವಿಗೆ, ಸಣ್ಣ ಕಾರು ಅಂಚಿಗೆ. ಭಾರ ಒಂದು ಕಡೆಗೆ ವಾಲಿದರೆ ಕ್ಯಾಪ್ಟನ್ ಮೇಲಿನಿಂದ ಬೈಯುತ್ತಾನೆ. ಬೈಯುವ ಸಂದರ್ಭವನ್ನು ಪೆರಿನಾ ಅವನಿಗೆ ಹೆಚ್ಚು ಕೊಟ್ಟಿಲ್ಲ.

ನಲವತ್ತು ದಾಟಿದ ಹೆಂಗಸು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಅನ್ನುತ್ತಾಳೆ. ಒರೆಬಿಚ್ ಪಕ್ಕದ ವಿಗಾನ್ಯ ಅವಳ ಊರು. ಅಲ್ಲಿನ ಕಡಲ ದಂಡೆಯಲ್ಲಿ ಅಪ್ಪ ಬಿಟ್ಟುಹೋದ ಒಂದು ದೋಣಿಮನೆ ಇದೆ, ಕಲ್ಲಿನದು, ನೀರಿಗೆ ನಾಲ್ಕು ಹೆಜ್ಜೆ. ಅಪ್ಪನ ದೋಣಿ ಇದ್ದ ಜಾಗದಲ್ಲಿ ಈಗ ಅವಳ ಬೋರ್ಡು ಇದೆ. ಬೋರ್ಡಿನ ಹೊಟ್ಟೆಗೆ ಒಂದು ಕಂಬ, ಕಂಬದ ತುದಿಗೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಪುಟ್ಟ ರೆಕ್ಕೆ. ಕೈಯಲ್ಲೊಂದು ಗಾಳಿ ತುಂಬಿದ ಹಾಯಿ ಹಿಡಿದು ನಿಂತರೆ ನೀರಿನೊಳಗಿನ ರೆಕ್ಕೆ ಬೋರ್ಡನ್ನು ಮೇಲಕ್ಕೆತ್ತುತ್ತದೆ, ಆಮೇಲೆ ನೀರಿಗೂ ಕಾಲಿಗೂ ಸಂಬಂಧವಿಲ್ಲ. ಹೈಡ್ರೊಫಾಯಿಲ್ ಅಂತ ಹೆಸರು. ದಡಕ್ಕೂ ದ್ವೀಪಕ್ಕೂ ನಡುವಿನ ಈ ಜಲಸಂಧಿಯಲ್ಲಿ ಮಕ್ಕಳಿಗೂ ಅದರ ಹುಚ್ಚು, ಅಜ್ಜಂದಿರಿಗೂ ಅದರ ಬಗ್ಗೆ ಅಭಿಪ್ರಾಯ.

ಕೆಲಸ ಮುಗಿದ ಮೇಲೆ ಪೆರಿನಾ ನೀರಿಗಿಳಿಯುತ್ತಾಳೆ. ಒಬ್ಬಳೇ. ಬೇರೆಯವರ ಬೋರ್ಡಿಗೆ ಕೈ ಹಚ್ಚುವುದಿಲ್ಲ. ಹಚ್ಚುವುದಿಲ್ಲ ಅನ್ನುವುದಕ್ಕಿಂತ, ಹಚ್ಚಲು ಯಾರೂ ಬಿಡುವುದಿಲ್ಲ ಅನ್ನುವುದೇ ಸರಿ. ಊರವರು ಅವಳನ್ನು "ಸಡಿಲ ಸ್ಕ್ರೂ ಪೆರಿನಾ" ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಕರೆದಿದ್ದರೆ ಸಹಿಸಬಹುದಿತ್ತೇನೋ. ಎದುರಿಗೇ ಕರೆಯುತ್ತಾರೆ, ಅದೂ ಪ್ರೀತಿಯಿಂದ.

ಅದರ ಕತೆ ಹೀಗೆ. ಕೆಲವು ವರ್ಷಗಳ ಹಿಂದೆ ದಂಡೆಯ ಮೇಲಿನ ಸರ್ಫ್ ಶಾಲೆ ಅವಳದೂ ನಿಕ್ಷಾನದೂ ಸೇರಿ ಇತ್ತು. ಇಬ್ಬರೂ ಒಂದೇ ಬೀದಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವರು. ನಿಕ್ಷಾ ಬಾಯಿ ಇರುವವನು, ನಗುಮುಖದವನು, ಪ್ರವಾಸಿಗಳನ್ನು ದಡಕ್ಕೆ ಎಳೆಯುವವನು. ಪೆರಿನಾ ಕಂಬ, ರೆಕ್ಕೆ, ಸ್ಕ್ರೂಗಳನ್ನು ನೋಡಿಕೊಳ್ಳುವವಳು. ಒಂದು ಬೆಳಿಗ್ಗೆ ಅವಳಿಗೆ ಫೆರಿಯಲ್ಲಿ ಬದಲಿ ಕೆಲಸ ಬಂತು. ಅವತ್ತು ಬೋರ್ಡುಗಳನ್ನು ಜೋಡಿಸಿದವನು ನಿಕ್ಷಾ. ಮಧ್ಯಾಹ್ನ ನೀರಿನ ನಡುವೆ ಒಂದು ಬೋರ್ಡಿನ ಮುಂದಿನ ರೆಕ್ಕೆ ಕಳಚಿತು. ಅದರ ಮೇಲಿದ್ದ ಆಸ್ಟ್ರಿಯಾದ ಹುಡುಗಿ ಬಿದ್ದಳು, ರೆಕ್ಕೆಯ ಅಂಚು ತೊಡೆಯನ್ನು ಸೀಳಿತು. ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ ಪೆರಿನಾ ಟವೆಲ್ ಒತ್ತಿ ಹಿಡಿದು ಅವಳನ್ನು ಒರೆಬಿಚ್‌ನ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದಳು. ಹುಡುಗಿ ಉಳಿದಳು, ಹೊಲಿಗೆ ಬಿತ್ತು, ಗುಣವಾಯಿತು.

ಪೆರಿನಾ ವಾಪಸು ಬರುವ ಹೊತ್ತಿಗೆ ನಿಕ್ಷಾ ಮಾತು ಮುಗಿಸಿಬಿಟ್ಟಿದ್ದ. ಪೊಲೀಸರ ಎದುರು, ಊರವರ ಎದುರು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದ. "ಪಾಪ, ಹಿಂದಿನ ಸಂಜೆ ಪೆರಿನಾನೇ ಜೋಡಿಸಿಟ್ಟಿದ್ಲು. ಬಿಗಿ ಮಾಡೋದು ಮರೆತಿದ್ದಾಳೆ. ಅವಳಿಗೆ ಯಾರೂ ಏನೂ ಅನ್ಬೇಡಿ. ಬಹಳ ಕೆಲಸ ಅವಳಿಗೆ, ಸುಸ್ತಾಗಿರ್ತಾಳೆ."

ಬೈದಿದ್ದರೆ ಜಗಳವಾಡಬಹುದಿತ್ತು. ಕನಿಕರಪಟ್ಟರೆ ಏನು ಮಾಡುವುದು? ಅವಳು ಕಿರುಚಿದಳು, ಸ್ಕ್ರೂ ಬಿಗಿ ಮಾಡುವ ಅಲೆನ್ ಕೀ ಇದ್ದದ್ದು ಇವನ ಕೈಯಲ್ಲಿ ಅಂತ ಎಲ್ಲರ ಮನೆ ಬಾಗಿಲಲ್ಲೂ ನಿಂತು ಹೇಳಿದಳು. ಕಿರುಚಿದಷ್ಟೂ ಜನ "ಪಾಪ" ಅಂದರು. ಮುಂದಿನ ಬೇಸಿಗೆಗೆ ಶಾಲೆಯ ಹಲಗೆಯ ಮೇಲೆ ನಿಕ್ಷಾನ ಹೆಸರೊಂದೇ ಉಳಿಯಿತು. ಪೆರಿನಾ ಫೆರಿಯ ಕೆಲಸವನ್ನು ಕಾಯಂ ಮಾಡಿಕೊಂಡಳು. ಅವತ್ತಿನಿಂದ ಅವಳ ಹೊಟ್ಟೆಯಲ್ಲಿ ಒಂದು ಕೆಂಡ. ದಿನಾ ಊದಿ ಊದಿ ಅದನ್ನು ಆರದ ಹಾಗೆ ನೋಡಿಕೊಂಡಳು. ಸೇಡು ಒಳ್ಳೆಯದಲ್ಲ ಅಂತ ಪಾದ್ರಿ ಹೇಳುತ್ತಾರೆ. ಪಾದ್ರಿಯನ್ನು ಯಾರೂ ಸಡಿಲ ಸ್ಕ್ರೂ ಅಂತ ಕರೆದಿಲ್ಲ.

ಈ ಕರಾವಳಿಯ ಜನರ ಒಂದು ಗುಣವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ದಿಶ್ಪೆತ್ ಅನ್ನುತ್ತಾರೆ ಅದಕ್ಕೆ. ಜಿದ್ದು ಅನ್ನಿ, ಮೊಂಡು ಅನ್ನಿ, ಎರಡೂ ಸೇರಿದರೆ ಅದು. ನೆರೆಮನೆಯವನಿಗೆ ಅಪಶಕುನವಾಗಲಿ ಅಂತ ತನ್ನ ಮೂಗು ತಾನೇ ಕೊಯ್ದುಕೊಳ್ಳುವವರ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ಅಂಥವರದೇ ಊರುಗಳಿವೆ. ಆಗದವನು ಮಳೆ ಬರುತ್ತದೆ ಅಂದರೆ ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾರೆ, ನೆನೆದು ಬಂದು ಬಿಸಿಲು ಚೆನ್ನಾಗಿತ್ತು ಅನ್ನುತ್ತಾರೆ. ಪೆರಿನಾ ಈ ಮಣ್ಣಿನವಳು. ನಿಕ್ಷಾನೂ.

ಪ್ರತಿ ಆಗಸ್ಟಿನಲ್ಲಿ ಒಂದು ಶನಿವಾರ ವಿಗಾನ್ಯದಲ್ಲಿ ಓಟದ ಪಂದ್ಯ. ದಂಡೆಯಿಂದ ಹೊರಟು, ಜಲಸಂಧಿ ದಾಟಿ, ಆಚೆ ದಡದ ಹತ್ತಿರದ ಪುಟ್ಟ ದ್ವೀಪವನ್ನು ಸುತ್ತಿ ವಾಪಸು. ಹೋದ ವರ್ಷದ ಪಂದ್ಯಕ್ಕೆ ಪೆರಿನಾ ಹೊಸದಾಗಿ ದೊಡ್ಡ ಮುಂದಿನ ರೆಕ್ಕೆ ತರಿಸಿದ್ದಳು. ಆ ಸಲವಾದರೂ ನಿಕ್ಷಾನನ್ನು ನೀರಿನ ಮೇಲೆ ಸೋಲಿಸಿಯೇ ತೀರುತ್ತೇನೆ ಅಂತ ಹಲ್ಲು ಕಚ್ಚಿದ್ದಳು. ಬೋರ್ಡನ್ನು ಮಗುಚಿ ಮರಳಿನ ಮೇಲಿಟ್ಟು ಕಂಬವನ್ನು ಅದರ ಹೊಟ್ಟೆಯ ಹಳಿಯಲ್ಲಿ ಹಿಂದೆ ಮುಂದೆ ಜರುಗಿಸಿ ಕೂರಿಸುತ್ತಿದ್ದಾಗ ನಿಕ್ಷಾ ಬಂದು ನಿಂತ. ಸುತ್ತ ಊರೆಲ್ಲ ಇತ್ತು.

"ಪೆರಿನಾ, ಕಂಬ ಹಿಂದಾಯ್ತು ಕಣೆ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಹಳೇ ರೆಕ್ಕೆಗೆ ಸರಿ ಇದ್ದ ಜಾಗ ಹೊಸ ರೆಕ್ಕೆಗೆ ಆಗಲ್ಲ. ಎರಡು ಬೆರಳು ಮುಂದೆ ತಗೋ. ಇಲ್ಲಾಂದ್ರೆ ಮೇಲೇಳಲ್ಲ."

"ನಿನ್ನ ಬುದ್ಧಿವಾದ ನಿನ್ನ ಹತ್ರಾನೇ ಇಟ್ಕೊ," ಅಂದಳು ಪೆರಿನಾ.

"ನಿನ್ನ ಒಳ್ಳೇದಕ್ಕೆ ಹೇಳಿದೆ ಮಾರಾಯ್ತಿ."

ಅವಳು ಅವನ ಕಣ್ಣೆದುರಿಗೇ ಕಂಬವನ್ನು ಒಂದು ಬೆರಳು ಹಿಂದಕ್ಕೆ ತಳ್ಳಿ ಬಿಗಿ ಮಾಡಿದಳು.

ಆಮೇಲೆ ಏನಾಯಿತು ಅಂತ ದಂಡೆಯ ಮೇಲಿದ್ದ ನಾಯಿಗಳೂ ನೋಡಿದವು. ಬೋರ್ಡಿನ ಮೂಗು ಎತ್ತಿದರೆ ಏಳದು, ಎದ್ದರೆ ನಿಲ್ಲದು, ಮತ್ತೆ ಮತ್ತೆ ನೀರಿಗೆ ಬಡಿಯಿತು. ಹಿಂದಿನ ಕಾಲಿನ ಮೇಲೆ ಭಾರ ಹಾಕಿ ಹಾಕಿ ತೊಡೆ ಉರಿದುಹೋಯಿತು. ಎಲ್ಲರಿಗಿಂತ ಕೊನೆಗೆ ಬಂದಳು, ರಜೆಗೆ ಬಂದಿದ್ದ ಒಬ್ಬ ಹಲ್ಲಿನ ಡಾಕ್ಟರಿಗಿಂತಲೂ ಕೊನೆಗೆ. ನಿಕ್ಷಾ ಗೆದ್ದ ಕಪ್ಪನ್ನು ಎತ್ತಿಕೊಂಡು ತಲೆಯಾಡಿಸಿದ. "ನಾನು ಹೇಳಿದ್ದೆ. ನೀವೆಲ್ಲಾ ಕೇಳಿಸ್ಕೊಂಡಿದ್ರಿ ತಾನೇ?" ಎಲ್ಲರೂ ಕೇಳಿಸಿಕೊಂಡಿದ್ದರು.

ಆ ಚಳಿಗಾಲವೆಲ್ಲ ಪೆರಿನಾ ಬೋರ್ಡಿನ ಜೊತೆ ಕುಸ್ತಿ ಹಿಡಿದಳು. ಮೈಗೆ ಅಂಟುವ ರಬ್ಬರ್ ಅಂಗಿ ತೊಟ್ಟು ತಣ್ಣನೆ ನೀರಿಗಿಳಿದಳು. ಹಿಂದಿನ ಪುಟ್ಟ ರೆಕ್ಕೆಯ ಕೆಳಗೆ ತೆಳು ಚಕ್ಕೆ ಕೊಟ್ಟು ನೋಡಿದಳು, ತೆಗೆದು ನೋಡಿದಳು, ತಿರುಗಿಸಿ ಕೊಟ್ಟು ನೋಡಿದಳು. ಕಾಲಿನ ಪಟ್ಟಿಗಳನ್ನು ಜರುಗಿಸಿದಳು. ಹಳೆಯ ರೆಕ್ಕೆ ಹಾಕಿದಳು, ಮತ್ತೆ ಹೊಸದು ಹಾಕಿದಳು. ಮಾಡದೆ ಬಿಟ್ಟದ್ದು ಒಂದೇ, ಕಂಬವನ್ನು ಎರಡು ಬೆರಳು ಮುಂದೆ ತರುವುದು. ಅಲ್ಲಿಗೆ ಮಾತ್ರ ಅವಳ ಕೈ ಹೋಗಲೇ ಇಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ದೋಣಿಮನೆಯ ಬಾಗಿಲು ಹಾಕಿಕೊಂಡಳು, ತನ್ನಿಂದಲೇ ಮುಚ್ಚಿಡುವವಳ ಹಾಗೆ. ಸ್ಕ್ರೂ ಸಡಿಲಿಸಿ ಕಂಬವನ್ನು ಮುಂದೆ ತಂದಳು. ಒಂದು ಬೆರಳು. ಬೈಗುಳ. ಇನ್ನೊಂದು ಬೆರಳು. ನೋಡುವವರಿಲ್ಲದ ಕಡೆ ಜಿದ್ದಿಗೂ ಅರ್ಧ ಬಲವಷ್ಟೇ.

ನೀರಿಗಿಳಿದು ಹಾಯಿ ಎತ್ತಿದ ಕೂಡಲೇ ಬೋರ್ಡು ಎದ್ದಿತು. ಎದ್ದು ಮರಿಮೇಕೆಯ ಹಾಗೆ ಹಾರಿತು, ಗಾಳಿ ಸ್ವಲ್ಪ ಜೋರಾದರೆ ಸಾಕು ಮೂಗು ಮೇಲಕ್ಕೆ ಹೋಗಿ ಅವಳನ್ನು ಬೆನ್ನ ಮೇಲೆ ಕೆಡವಿತು. ದಡಕ್ಕೆ ಬಂದು ಹಿಂದಿನ ಪುಟ್ಟ ರೆಕ್ಕೆಯ ಚಕ್ಕೆ ತೆಗೆದಳು. ಮುಂದಿನ ಕಾಲಿನ ಪಟ್ಟಿಯನ್ನು ಕೊಂಚ ಮುಂದೆ ಸರಿಸಿದಳು. ಈಗ ಬೋರ್ಡು ಎದ್ದದ್ದೂ ಹೌದು, ನಿಂತದ್ದೂ ಹೌದು. ಎರಡೂ ಕಾಲಿನ ಮೇಲೆ ಸಮ ಭಾರ. ಒಂದಿಷ್ಟೂ ಸಪ್ಪಳವಿಲ್ಲದೆ ಆಚೆ ದಡದವರೆಗೆ ಹೋಗಿ ಬಂದಳು. ಸಂತೋಷದಿಂದ ಒಬ್ಬಳೇ ಕೂಗಿದಳು.

ದಡಕ್ಕೆ ಬಂದು ಬೋರ್ಡು ಹೊತ್ತು ನಾಲ್ಕು ಹೆಜ್ಜೆ ಇಟ್ಟಿದ್ದಳು, ಅಷ್ಟರಲ್ಲಿ ವಿಷಯ ತಲೆಗೆ ಹೊಳೆಯಿತು. ಬೋರ್ಡನ್ನು ಕೆಳಗಿಟ್ಟು ಅಲ್ಲೇ ದಂಡೆಯ ಕಲ್ಲುಗಳ ಮೇಲೆ ಕೂತಳು.

ಹಾಗಾದರೆ ಅವನು ನಿಜ ಹೇಳಿದ್ದ! ನಿಜ ಹೇಳಿದರೆ ಇವಳು ತಲೆಕೆಳಗು ಮಾಡುತ್ತಾಳೆ ಅಂತ ಗೊತ್ತಿದ್ದೇ ಹೇಳಿದ್ದ. ಸೋಲಿಸಿದ್ದೂ ಆಯಿತು, ಊರೆದುರು ದೊಡ್ಡಮನುಷ್ಯ ಆಗಿದ್ದೂ ಆಯಿತು. ಒಂದು ಸಲ ಸುಳ್ಳು ಹೇಳಿ ಅವಳ ಹೆಸರು ಕೆಡಿಸಿದ, ಇನ್ನೊಂದು ಸಲ ನಿಜ ಹೇಳಿ ನಗೆಪಾಟಲು ಮಾಡಿದ. ಇಷ್ಟು ವರ್ಷದ ಕೆಂಡಕ್ಕೆ ಈಗ ಸೀಮೆಎಣ್ಣೆ ಬಿದ್ದ ಹಾಗಾಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ಪೆರಿನಾ ನಿಶ್ಚಯಿಸಿದ್ದು ಅಲ್ಲಿ, ಆ ಕಲ್ಲುಗಳ ಮೇಲೆ.

ಮರುವಾರ ಅವಳು ನೆಟ್ಟಗೆ ಹಿಪ್ಪುನೇರಳೆ ಮರದ ಕಟ್ಟೆಗೆ ನಡೆದಳು. ಊರಿನ ಗಂಡಸರು ಬ್ರಿಷ್ಕುಲಾ ಆಡುವುದು ಅಲ್ಲಿ. ಇಸ್ಪೀಟಿನ ಎಲೆಯನ್ನು ಕಲ್ಲುಮೇಜಿಗೆ ಕುಟ್ಟಿ ಕುಟ್ಟಿ ಆಡುತ್ತಾರೆ. ನಿಕ್ಷಾ ಇದ್ದ. ಊರಿಗೆಲ್ಲ ಹಿರಿಯ ಮುದುಕ ಮೀನುಗಾರ ತ್ರಿಪೊ ಇದ್ದ. ಅವನನ್ನು ಎಲ್ಲರೂ ಬಾರ್ಬಾ ಅನ್ನುತ್ತಾರೆ, ನಾವು ಹಿರಿಯರನ್ನು ಮಾವ ಅಂದ ಹಾಗೆ.

"ನಿಕ್ಷಾ, ಈ ಸಲದ ಓಟಕ್ಕೆ ಪಂಥ ಕಟ್ತೀಯಾ?" ಅಂದಳು.

"ಯಾರ ಜೊತೆ? ಹಲ್ಲಿನ ಡಾಕ್ಟರ ಜೊತೆನಾ?" ಅಂದ ನಿಕ್ಷಾ. ಕಟ್ಟೆಯೆಲ್ಲ ನಕ್ಕಿತು.

"ನನ್ನ ಜೊತೆ. ನಾನು ಗೆದ್ರೆ ಇದೇ ಮರದಡಿ, ಎಲ್ಲರ ಎದುರು, ಆವತ್ತು ಬೆಳಿಗ್ಗೆ ಅಲೆನ್ ಕೀ ಯಾರ ಕೈಲಿತ್ತು ಅಂತ ನೀನು ಹೇಳ್ಬೇಕು."

ನಗು ನಿಂತಿತು. ನಿಕ್ಷಾ ಎಲೆಗಳನ್ನು ಜೋಡಿಸುತ್ತಾ ಕೇಳಿದ. "ಸೋತ್ರೆ?"

"ಅಪ್ಪನ ದೋಣಿಮನೆ ನಿಂದು."

ಆ ದೋಣಿಮನೆಯ ಮೇಲೆ ಅವನ ಕಣ್ಣು ಇವತ್ತಿನದಲ್ಲ. ಶಾಲೆಯ ಪಕ್ಕದಲ್ಲೇ ಇದೆ, ಬೋರ್ಡಿಡಲು ಅಂಥ ಜಾಗ ದಂಡೆಯಲ್ಲೇ ಇನ್ನೊಂದಿಲ್ಲ. ಅವನು ಎದ್ದು ಕೈ ಚಾಚಿದ. ಅವಳು ಹಿಡಿದಳು.

"ಹುಡುಗಿ, ಯೋಚನೆ ಮಾಡು," ಅಂದ ಬಾರ್ಬಾ ತ್ರಿಪೊ. "ನಿಮ್ಮಪ್ಪ ಆ ಕಲ್ಲನ್ನ ಬೆನ್ನ ಮೇಲೆ ಹೊತ್ತು ಕಟ್ಟಿದ್ದು."

"ನೀವು ಕಡೀರಿ ಬಾರ್ಬಾ."

ಇಲ್ಲಿ ಪಂಥಕ್ಕೆ ಸಾಕ್ಷಿಯೆಂದರೆ ಇಷ್ಟೇ. ಹಿಡಿದ ಕೈಗಳನ್ನು ಮೂರನೆಯವನು ಅಂಗೈಯ ಅಂಚಿನಿಂದ ಕಡಿದು ಬಿಡಿಸಬೇಕು. ಕಡಿದ ಮೇಲೆ ಸತ್ತರೂ ಮಾತು ತಪ್ಪುವ ಹಾಗಿಲ್ಲ. ತಪ್ಪಿದವನ ಜೊತೆ ಯಾರೂ ಇಸ್ಪೀಟು ಆಡುವುದಿಲ್ಲ, ಅದಕ್ಕಿಂತ ದೊಡ್ಡ ಬಹಿಷ್ಕಾರ ಇಲ್ಲಿಲ್ಲ. ಬಾರ್ಬಾ ತ್ರಿಪೊ ನಿಟ್ಟುಸಿರುಬಿಟ್ಟು ಕಡಿದ.

ಓಟದ ದಿನ ಬೆಳಗಿನ ಪಾಳಿ ಪೆರಿನಾಳದೇ. ಫೆರಿಯ ಮೇಲೆ ನಿಂತು ನೀರನ್ನು ನೋಡಿದಳು, ಎಣ್ಣೆ ಸುರಿದ ಹಾಗೆ ನಿಶ್ಚಲ. ರಾತ್ರಿಯಿಡೀ ಬುರಿನ್ ಬೀಸಿರಲಿಲ್ಲ. ಬುರಿನ್ ಅಂದರೆ ರಾತ್ರಿ ಬೆಟ್ಟದಿಂದ ಕಡಲಿಗೆ ಇಳಿಯುವ ಗಾಳಿ. ಅದು ಚೆನ್ನಾಗಿ ಬೀಸಿದರೆ ಮರುದಿನ ಮಧ್ಯಾಹ್ನ ಕಡಲಿಂದ ಬರುವ ಮಾಯೆಸ್ತ್ರಾಲ್ ಸಂಜೆಯತನಕ ನಿಲ್ಲುತ್ತದೆ. ಬುರಿನ್ ಬಾರದಿದ್ದರೆ ಮಾಯೆಸ್ತ್ರಾಲ್ ಬಂದರೂ ಬಂದ ಅಳಿಯನ ಹಾಗೆ, ಊಟ ಮುಗಿಸಿ ಎದ್ದು ಹೋಗುತ್ತದೆ. ಇವತ್ತು ಗಾಳಿ ಜೋರಾಗಿ ಶುರುವಾಗಿ ನಡುದಾರಿಯಲ್ಲಿ ಕೈಕೊಡುತ್ತದೆ ಅಂತ ಅವಳಿಗೆ ತಿಳಿಯಿತು. ನಿಕ್ಷಾನಿಗೂ ತಿಳಿದಿರುತ್ತದೆ. ಅವನೇನು ಪ್ರವಾಸಿಯಲ್ಲ.

ಮಧ್ಯಾಹ್ನ ದಂಡೆಗೆ ಬಂದಾಗ ಗಾಳಿ ಎದ್ದಿತ್ತು, ಅಲೆಗಳ ತಲೆ ಬೆಳ್ಳಗಾಗಿತ್ತು. ಹೊರಗಿನವರೆಲ್ಲ ಸಣ್ಣ ರೆಕ್ಕೆಗಳನ್ನು ಜೋಡಿಸುತ್ತಿದ್ದರು. ಪೆರಿನಾ ದೊಡ್ಡ ರೆಕ್ಕೆ ಹಾಕಿದಳು, ಕಂಬವನ್ನು ಎರಡು ಬೆರಳು ಮುಂದೆ ಕೂರಿಸಿದಳು. ಸೋತು ಬರುವ ಗಾಳಿಯಲ್ಲೂ ಎತ್ತಲಿ ಅಂತ ಪುಟ್ಟ ರೆಕ್ಕೆಗೆ ಚಕ್ಕೆಯನ್ನೂ ಕೊಟ್ಟಳು. ಪ್ರತಿ ಸ್ಕ್ರೂವನ್ನೂ ಬಿಗಿ ಮಾಡಿ, ಮತ್ತೆ ಮುಟ್ಟಿ ನೋಡಿದಳು. ಆಮೇಲೆ ಎದ್ದು ನಿಕ್ಷಾನ ಕಡೆ ನಡೆದಳು.

ಅವಳ ಎಣಿಕೆ ಸರಿಯಿತ್ತು. ನಿಕ್ಷಾ ಚೀಲದಿಂದ ದೊಡ್ಡ ರೆಕ್ಕೆಯನ್ನೇ ಹೊರಗೆ ತೆಗೆದು ಮರಳಿನ ಮೇಲೆ ಇಟ್ಟಿದ್ದ. ಸ್ಕ್ರೂ ಬಾಯಲ್ಲಿತ್ತು. ಸುತ್ತ ಊರು ನೆರೆದಿತ್ತು. ಬಾರ್ಬಾ ತ್ರಿಪೊ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಶಾಲೆಗೆ ಎದುರಾಗಿ ಮೂರು ಕೋಣೆ ಬಾಡಿಗೆಗೆ ಕೊಡುವ ಮುದುಕಿ ಲುಕ್ರೆ, ಊರಿಗೆಲ್ಲ ತೇತಾ ಲುಕ್ರೆ, ಅಂದರೆ ಲುಕ್ರೆ ಅತ್ತೆ, ಕೊಡೆ ಹಿಡಿದು ನಿಂತಿದ್ದಳು.

ಪೆರಿನಾ ಸೊಂಟದ ಮೇಲೆ ಕೈಯಿಟ್ಟು, ಫೆರಿಯ ಮೇಲೆ ಲಾರಿಯವರನ್ನು ಕೂಗುವ ದನಿಯಲ್ಲಿ ಹೇಳಿದಳು.

"ಭೇಷ್ ನಿಕ್ಷಾ! ಸರಿಯಾದ್ದನ್ನೇ ತೆಗ್ದಿದ್ದೀಯ. ದೊಡ್ಡ ರೆಕ್ಕೆನೇ ಹಾಕು. ಕಂಬ ಎರಡು ಬೆರಳು ಮುಂದೆ ತಗೋ. ರಾತ್ರಿ ಬುರಿನ್ ಇರ್ಲಿಲ್ಲ, ವಾಪಸು ಬರೋವಾಗ ಗಾಳಿ ಸಾಯುತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ ಕಣೋ."

ನಿಕ್ಷಾ ಬಾಯಿಂದ ಸ್ಕ್ರೂ ತೆಗೆದ. ಅವಳ ಮುಖ ನೋಡಿದ, ಮರಳಿನ ಮೇಲಿದ್ದ ರೆಕ್ಕೆ ನೋಡಿದ. ಹೋದ ವರ್ಷದ ತನ್ನದೇ ಚಾಕು ತನ್ನ ಕಡೆ ತಿರುಗಿದೆ ಅಂತ ಗುರುತು ಸಿಕ್ಕಿತು ಅವನಿಗೆ. ಅವಳು ಹೇಳಿದ್ದು ನಿಜ ಅಂತಲೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಈಗ ಆ ರೆಕ್ಕೆ ಹಾಕಿ ಗೆದ್ದರೆ ಪೆರಿನಾ ಹೇಳಿಕೊಟ್ಟಳು, ಇವನು ಗೆದ್ದ ಅಂತಾಗುತ್ತದೆ. ಸಡಿಲ ಸ್ಕ್ರೂ ಪೆರಿನಾಳ ಮಾತು ಕೇಳಿ ಸ್ಕ್ರೂ ಹಾಕಿದವನು ಅಂತ ಬ್ರಿಷ್ಕುಲಾ ಕಟ್ಟೆಯಲ್ಲಿ ಸಾಯುವತನಕ ಆಡಿಕೊಳ್ಳುತ್ತಾರೆ.

"ನಿಕ್ಷಾ, ಹಾಕೋ ಮತ್ತೆ," ಅಂದ ಬಾರ್ಬಾ ತ್ರಿಪೊ, ಗಡ್ಡ ಕೆರೆಯುತ್ತಾ. "ಹುಡುಗಿ ಸರಿಯಾಗೇ ಹೇಳ್ತಿದ್ದಾಳೆ."

ಅಷ್ಟು ಸಾಕಾಯಿತು. "ಇವಳ ಹತ್ರ ನಾನು ಪಾಠ ಹೇಳಿಸ್ಕೊಳ್ಳೋದಾ?" ಅಂತ ನಿಕ್ಷಾ ದೊಡ್ಡ ರೆಕ್ಕೆಯನ್ನು ಚೀಲಕ್ಕೆ ತುರುಕಿದ. ಇರುವುದರಲ್ಲೇ ಸಣ್ಣದನ್ನು ತೆಗೆದ. ಕಂಬವನ್ನು ಹಳಿಯಲ್ಲಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿ ಬಿಗಿ ಮಾಡಿದ. ಪ್ರತಿ ತಿರುವಿಗೂ ಪೆರಿನಾಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಮುಖದಲ್ಲಿ ಮಾತ್ರ ಏನೂ ತೋರಿಸಲಿಲ್ಲ. "ನಾನು ಹೇಳಿದ್ದೆ, ನೀವೆಲ್ಲಾ ಕೇಳಿಸ್ಕೊಂಡಿದ್ದೀರಿ," ಅಂತ ಸುತ್ತ ನೋಡಿ ನಡೆದಳು.

ಕೊಂಬು ಊದಿತು, ಹೊರಟರು. ಹೋಗುವಾಗ ನಿಕ್ಷಾ ಬಾಣದ ಹಾಗೆ ಹೋದ. ಜೋರು ಗಾಳಿಗೆ ಸಣ್ಣ ರೆಕ್ಕೆ ಹೇಳಿ ಮಾಡಿಸಿದ್ದು. ಪೆರಿನಾಳ ದೊಡ್ಡ ರೆಕ್ಕೆ ಗಾಳಿಯ ಪ್ರತಿ ಹೊಡೆತಕ್ಕೂ ಮೇಲೆ ಮೇಲೆ ಏಳಲು ನೋಡುತ್ತಿತ್ತು, ಅವಳು ಮುಂದಿನ ಕಾಲನ್ನು ಒತ್ತಿ ಒತ್ತಿ ಅದನ್ನು ಕೆಳಗೆ ಹಿಡಿಯಬೇಕಾಯಿತು. ಜಲಸಂಧಿಯ ನಡುವಿಗೆ ಬರುವಾಗ ನಿಕ್ಷಾನ ಹಾಯಿ ಒಂದು ಹಳದಿ ಚುಕ್ಕೆ. ಅಪ್ಪನ ದೋಣಿಮನೆ ಕಣ್ಣ ಮುಂದೆ ಬಂತು. ಅದರ ಬಾಗಿಲಿಗೆ ನಿಕ್ಷಾ ತನ್ನ ಹೆಸರು ಬರೆಸುತ್ತಿರುವುದೂ ಬಂತು. ಗಾಳಿ ಸಾಯದಿದ್ದರೆ? ಒಂದು ದಿನ, ಇದೊಂದು ದಿನ ಮಾಯೆಸ್ತ್ರಾಲ್ ನಿಂತುಬಿಟ್ಟರೆ? ಜಿದ್ದಿಗೆ ಬಿದ್ದು ಅಪ್ಪನ ಬೆವರನ್ನು ಪಣಕ್ಕಿಟ್ಟೆನಲ್ಲ ಅಂತ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

ನಿಕ್ಷಾ ದ್ವೀಪ ಸುತ್ತಿ ಎದುರಿಗೆ ಬಂದ. ಅವಳನ್ನು ದಾಟುವಾಗ ನಗುತ್ತಾ ಕೈಯೆತ್ತಿದ. ಅವಳು ಹಲ್ಲು ಕಡಿದು ದ್ವೀಪದ ಹಿಂದಕ್ಕೆ ಹೋದಳು.

ದ್ವೀಪ ಸುತ್ತಿ ಈಚೆ ಬಂದಾಗ ಮೊದಲು ಬದಲಾದದ್ದು ಸದ್ದು. ಕಿವಿಯಲ್ಲಿ ಭೋರಿಡುತ್ತಿದ್ದ ಗಾಳಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. ನೀರಿನ ಬಿಳಿ ತಲೆಗಳು ಒಂದೊಂದಾಗಿ ಮಾಯವಾದವು. ಅವಳ ಬೋರ್ಡು ಕುಸಿಯಿತು, ಹೊಟ್ಟೆ ನೀರಿಗೆ ತಾಗಿತು. ಉಸಿರು ಬಿಗಿಹಿಡಿದು ಮಂಡಿ ಮಡಚಿ, ಬೋರ್ಡನ್ನು ಕಾಲಿನಿಂದ ತುಳಿದು ಎತ್ತಿದಳು, ತುಳಿದಳು, ಎತ್ತಿದಳು. ಎರಡು ಬೆರಳು ಮುಂದಿದ್ದ ಕಂಬ ಕೈಬಿಡಲಿಲ್ಲ. ದೊಡ್ಡ ರೆಕ್ಕೆ ಹಿಡಿಯಿತು, ಬೋರ್ಡು ಎದ್ದು ಮತ್ತೆ ಜಾರತೊಡಗಿತು, ಮೆಲ್ಲಗೆ, ಆದರೆ ನೀರಿನ ಮೇಲೆ.

ನಡುನೀರಿನಲ್ಲಿ ಹಳದಿ ಹಾಯಿ ನಿಂತಿತ್ತು. ನಿಕ್ಷಾ ಮಂಡಿಮಟ್ಟ ನೀರಿನಲ್ಲಿ ಮುಳುಗಿದ ಬೋರ್ಡಿನ ಮೇಲೆ ಕುಣಿಯುತ್ತಿದ್ದ, ತುಳಿಯುತ್ತಿದ್ದ, ಹಾಯಿಯನ್ನು ಬೀಸಣಿಗೆಯ ಹಾಗೆ ಬೀಸುತ್ತಿದ್ದ. ಸಣ್ಣ ರೆಕ್ಕೆ, ಹಿಂದೆ ಸರಿದ ಕಂಬ. ಬೋರ್ಡು ಮೂಗೆತ್ತಲೂ ಒಪ್ಪಲಿಲ್ಲ. ಪೆರಿನಾ ಬೇಕೆಂದೇ ಅವನ ಹತ್ತಿರದಿಂದ ಹೋದಳು.

"ಎರಡು ಬೆರಳು ಕಣೋ!" ಅಂತ ಕೂಗಿ, ಹಾಯಿಯ ಹಿಡಿಯಿಂದ ಒಂದು ಕೈ ಬಿಡಿಸಿ ಎರಡು ಬೆರಳು ತೋರಿಸಿದಳು. ಬದುಕಿನಲ್ಲಿ ಅಷ್ಟು ಸುಖ ಅವಳಿಗೆ ಇನ್ನೊಂದು ಸಲ ಆಗಿರಲಿಲ್ಲ. ಹಾಗಂತ ಯಾರ ಮುಂದೆ ಬೇಕಾದರೂ ಹೇಳುತ್ತಾಳೆ.

ಸಂಜೆ ಹಿಪ್ಪುನೇರಳೆ ಮರದಡಿ ಸುಟ್ಟ ಮೀನು, ಬ್ರೆಡ್ಡು, ನೀರು ಬೆರೆಸಿದ ಕೆಂಪು ವೈನು. ನಿಕ್ಷಾ ಎದ್ದು ನಿಂತ. ಪೆರಿನಾ ಗೆದ್ದಿದ್ದಳು, ಕಡಿದ ಕೈಯ ಮಾತು ತಪ್ಪಿಸುವ ಹಾಗಿರಲಿಲ್ಲ. ಪೆರಿನಾ ಎದುರಿನ ಕಲ್ಲಿನ ಮೇಲೆ ನೆಟ್ಟಗೆ ಕೂತಿದ್ದಳು. ಇಷ್ಟು ವರ್ಷ ಈ ಗಳಿಗೆಯನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿದ್ದಳು. ಯಾರು ಬಾಯಿ ತೆರೆಯುತ್ತಾರೆ, ಯಾರು ಎದೆಗೆ ಕೈಯಿಡುತ್ತಾರೆ, ಯಾರು ಮೊದಲು ಬಂದು ಅವಳ ಕ್ಷಮೆ ಕೇಳುತ್ತಾರೆ, ಎಲ್ಲ.

"ಆವತ್ತು ಬೆಳಿಗ್ಗೆ ಕೀ ನನ್ನ ಕೈಲಿತ್ತು," ಅಂದ ನಿಕ್ಷಾ. "ಬೋರ್ಡು ಜೋಡಿಸಿದ್ದು ನಾನು. ಫೋನ್ ಬಂತು, ಸ್ಕ್ರೂ ಬಿಗಿ ಮಾಡೋದು ಬಿಟ್ಟೆ. ಪೆರಿನಾ ಅದನ್ನ ಮುಟ್ಟಿರ್ಲಿಲ್ಲ."

ಬಾರ್ಬಾ ತ್ರಿಪೊ ಬ್ರೆಡ್ಡು ಕೊಯ್ಯುತ್ತಿದ್ದ. ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಒಬ್ಬ ಮೀನಿನ ಮುಳ್ಳು ತೆಗೆದ. ಇನ್ನೊಬ್ಬ "ಉಪ್ಪು ಕೊಡು" ಅಂದ.

"ಕೇಳಿಸ್ತಾ?" ಅಂದಳು ಪೆರಿನಾ. "ಅವನು ಹೇಳಿದ್ದು ಕೇಳಿಸ್ತಾ ನಿಮಗೆ?"

"ಕೇಳಿಸ್ತು ಕಣೆ," ಅಂದಳು ತೇತಾ ಲುಕ್ರೆ. "ಅದ್ರಲ್ಲಿ ಹೊಸದೇನಿದೆ? ಅವನು ಜೋಡಿಸ್ತಿದ್ದಿದ್ದನ್ನ ನಾನೇ ನೋಡಿದ್ನಲ್ಲ, ಕಿಟಕಿಯಿಂದ. ಎಲ್ಲರಿಗೂ ಗೊತ್ತಿತ್ತು."

ಪೆರಿನಾ ಮುದುಕಿಯ ಕಡೆ ತಿರುಗಿದಳು. "ಮತ್ತೆ ಯಾಕೆ ಹೇಳ್ಲಿಲ್ಲ ತೇತಾ?"

"ಹೇಳಿ? ಅವನ ಶಾಲೆ ಮುಚ್ಚಿದ್ರೆ ಪ್ರವಾಸಿಗಳನ್ನ ಯಾರು ಕರ್ಕೊಂಡು ಬರ್ತಿದ್ರು, ನೀನಾ? ನಿನಗೆ ನಾಲ್ಕು ಜನರ ಹತ್ರ ನಗ್ತಾ ಮಾತಾಡೋಕೆ ಬರಲ್ಲ. ನನ್ನ ಮೂರು ಕೋಣೆ, ತ್ರಿಪೊನ ದೋಣಿ ಸವಾರಿ, ಬೇಕರಿ, ಎಲ್ಲಾ ಅವನಿಂದ ನಡೀಬೇಕು. ನಿನಗೆ ಹೇಗೂ ಫೆರಿ ಕೆಲಸ ಇತ್ತು." ಮುದುಕಿ ಅವಳ ಮಂಡಿ ತಟ್ಟಿದಳು. "ಆಗಿದ್ದು ಆಯ್ತು ಬಿಡೆ. ನಾಳೆ ಕೋರ್ಚುಲಾದಲ್ಲಿ ನನ್ನ ಮರಿಮಗಳ ನಾಮಕರಣ, ಊರೆಲ್ಲಾ ಬರ್ತಿದೆ. ನೀನೂ ಬಾ. ಊಟ ಮಾಡು, ಎಲ್ಲಾ ಮರೀತೀಯ."

ಪೆರಿನಾ ಮೇಜಿನ ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬನ ಮೇಲಿದ್ದ ಸಿಟ್ಟು ಊರಿಗೆಲ್ಲ ಹರಡಿಕೊಂಡಿತು. ನಿಕ್ಷಾ ಸುಳ್ಳು ಹೇಳಿದ್ದು ಹೆದರಿ, ಒಂದು ದಿನ. ಇವರು ಹೊಟ್ಟೆ ತಣ್ಣಗಿಟ್ಟುಕೊಂಡು ವರ್ಷಗಟ್ಟಲೆ ಅವಳನ್ನು ಸಡಿಲ ಸ್ಕ್ರೂ ಅಂದಿದ್ದರು, ಎಲ್ಲ ತಿಳಿದೂ. ಕೊನೆಗೆ ಸತ್ಯ ಹೇಳಿದವನು ಅವನೊಬ್ಬನೇ.

"ನಾಳೆ ನನಗೆ ಪಾಳಿ ಇದೆ," ಅಂತ ಎದ್ದಳು.

ಭಾನುವಾರ ನಡುಮಧ್ಯಾಹ್ನ ಒರೆಬಿಚ್‌ನ ಧಕ್ಕೆಯಲ್ಲಿ ಕಾದ ಹಂಚಿನಂಥ ಬಿಸಿಲು. ವಿಗಾನ್ಯದ ಕಾರುಗಳೆಲ್ಲ ಸಾಲಾಗಿ ನಿಂತಿದ್ದವು, ಒಳಗೆ ಗರಿಗರಿ ಅಂಗಿ ತೊಟ್ಟ ಗಂಡಸರು, ಸುಗಂಧ ಪೂಸಿಕೊಂಡ ಹೆಂಗಸರು. ಮುಂದಿನ ಕಾರಿನಲ್ಲಿ ತೇತಾ ಲುಕ್ರೆ, ಅವಳ ತೊಡೆಯ ಮೇಲೆ ಮೂರು ಅಂತಸ್ತಿನ ಕೆನೆಯ ಕೇಕು. ಸಾಲಿನ ಕಟ್ಟಕಡೆಗೆ ನಿಕ್ಷಾನ ವ್ಯಾನು.

ಫೆರಿ ಬಾಯಿ ತೆರೆಯಿತು. ಪೆರಿನಾ ಸೀಟಿ ಊದಿದಳು. ಎರಡು ಬೆರಳು ಆಡಿಸಿ ನಿಕ್ಷಾನ ವ್ಯಾನನ್ನು ಕರೆದಳು. ಅವನು ತನ್ನನ್ನೇ ಅಂತ ನಂಬದೆ ಎದೆ ಮುಟ್ಟಿ ತೋರಿಸಿದ. ಹೌದು ನೀನೇ, ಬಾ. ಇಡೀ ಸಾಲನ್ನು ದಾಟಿ ವ್ಯಾನು ಎಲ್ಲರಿಗಿಂತ ಮೊದಲು ಹತ್ತಿತು. ಹತ್ತುವಾಗ ಅವನು ಏನೋ ಹೇಳಲು ಕಿಟಕಿ ಇಳಿಸಿದ. ಅವಳು ಕೇಳಿಸಿಕೊಳ್ಳಲಿಲ್ಲ, ಕೈ ಬೀಸಿ ಒಳಗೆ ಕಳಿಸಿದಳು. ಆಮೇಲೆ ಪಕ್ಕದ ಸಾಲಿನ ಜರ್ಮನರು, ಚೆಕ್ಕರು, ಕಲ್ಲಂಗಡಿಯ ಲಾರಿ, ಹಿಂದಿನಿಂದ ಬಂದ ಎರಡು ಬೈಕು. ವಿಗಾನ್ಯದ ಸಾಲಿಗೆ ಅಂಗೈ.

ಬಾರ್ಬಾ ತ್ರಿಪೊ ಕಾರಿನಿಂದಿಳಿದು ಬಂದ. "ಏನೇ ಇದು? ನಾವು ಮೊದಲು ಬಂದಿದ್ದು!"

"ಭಾರ ಸರಿ ಕೂರ್ತಿಲ್ಲ ಬಾರ್ಬಾ. ನಿಮ್ಮನ್ನ ಹತ್ತಿಸಿದ್ರೆ ಒಂದು ಕಡೆ ವಾಲುತ್ತೆ."

"ಮುಂದಿನ ಫೆರಿಗಾದ್ರೂ?"

"ಅದಕ್ಕೂ ನೋಡ್ಬೇಕು."

ತೇತಾ ಲುಕ್ರೆ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. ಕೇಕಿನ ಮೇಲಿ‌ನ ಅಂತಸ್ತು ಆಗಲೇ ಒಂದು ಮಗ್ಗುಲಿಗೆ ಜಾರಿತ್ತು, ಕೆನೆ ಅವಳ ರೇಷ್ಮೆ ಲಂಗಕ್ಕೆ ಇಳಿಯುತ್ತಿತ್ತು. "ಪೆರಿನಾ! ಮಗು ಕಾಯ್ತಿದೆ ಕಣೆ, ಪಾದ್ರಿ ಕಾಯ್ತಿದ್ದಾರೆ! ನಾವು ಇಲ್ಲಿ ಏನು ಮಾಡ್ಬೇಕು?"

ಫೆರಿಯ ಬಾಗಿಲು ಮೇಲೇಳತೊಡಗಿತು. ಪೆರಿನಾ ಅದರ ಹಿಂದೆ ನಿಂತು ಟೋಪಿ ಸರಿಮಾಡಿಕೊಂಡಳು.

"ಕಿಟಕಿಯಿಂದ ನೋಡ್ತಾ ಇರಿ ತೇತಾ," ಅಂದಳು. "ನಿಮಗೆ ಅಭ್ಯಾಸ ಇದೆಯಲ್ಲ."